ಕಟ್ಟೆಯ ಬುಡದ ಪಟ್ಟಿ

1980ರ ದಶಕದ ಕೊನೆಗೆ ನಾನು ಬೆಂಗಳೂರಿನ ಲಾಲ್‌ಬಾಗ್ ಸಿದ್ದಯ್ಯ ರಸ್ತೆಯ ಒಂದು ಪ್ಲೈವುಡ್ ಅಂಗಡಿಯಲ್ಲಿ ಲೆಕ್ಕ ಬರೆಯಲು ಸೇರಿದಾಗ, ಅಡುಗೆಮನೆಯ ಕ್ಯಾಬಿನೆಟ್ಟಿನ ಬುಡಕ್ಕೆ ಯಾವ ಪಟ್ಟಿ ಹಾಕಲಿ ಎಂದು ಕೇಳಿಕೊಂಡು ಯಾರೂ ಬರುತ್ತಿರಲಿಲ್ಲ. ಬುಡ ಮರದ್ದಾಗಿದ್ದರೆ ತಾನೆ? ಗಾರೆಯವರು ಇಟ್ಟಿಗೆ ಕಟ್ಟಿ, ಕಡಪ ಕಲ್ಲಿನ ಹಲಗೆಗಳನ್ನು ಅಡ್ಡಡ್ಡ ಉದ್ದುದ್ದ ನಿಲ್ಲಿಸಿ ಖಾನೆ ಮಾಡಿಬಿಡುತ್ತಿದ್ದರು. ಕೆಳಗಿನ ಖಾನೆ ನೆಲದಿಂದ ಮೂರು ನಾಲ್ಕು ಇಂಚು ಮೇಲೆ. ಅಷ್ಟೆತ್ತರಕ್ಕೆ ಮೊಸಾಯಿಕ್ಕೋ, ಉಳಿದ ಕಡಪದ ತುಂಡೋ. ಅನುಕೂಲಸ್ಥರು ಆಚಾರ್ರನ್ನು ಕರೆಸಿ ಬಾಗಿಲು ಹಾಕಿಸುತ್ತಿದ್ದರು. ಉಳಿದವರಿಗೆ ಸ್ಪ್ರಿಂಗಿಗೆ ಪೋಣಿಸಿದ ಪರದೆ ಸಾಕಾಗಿತ್ತು. ಶುಕ್ರವಾರ ಬಕೆಟ್‌ಗಟ್ಟಲೆ ನೀರು ಸುರಿದು ಕಡ್ಡಿಪೊರಕೆಯಲ್ಲಿ ತಳ್ಳಿದರೂ ಆ ಕಲ್ಲಿಗೆ ಏನೂ ಆಗುತ್ತಿರಲಿಲ್ಲ.

ಆಮೇಲೆ ಕಟ್ಟೆಯ ಕೆಳಗೆ ಪೂರ್ತಿ ಪ್ಲೈವುಡ್ಡಿನ ಪೆಟ್ಟಿಗೆಗಳೇ ಬಂದವು. ನೆಲ ತೊಳೆಯುವ ರೂಢಿ ಮಾತ್ರ ಹಾಗೇ ಉಳಿಯಿತು. ಗಿರಾಕಿ ಶಟರಿನ ಮೈಕಾದ ಬಣ್ಣ ಆರಿಸಲು ಅರ್ಧ ದಿನ ಕೂರುತ್ತಿದ್ದರು; ಬುಡದ ಪಟ್ಟಿಯ ಮಾತೇ ಇಲ್ಲ. ಒಳ್ಳೆಯ ಹಲಗೆಯೆಲ್ಲ ಮೇಲಕ್ಕೆ ಹೋಗಿ, ಕೊನೆಗೆ ಉಳಿದ ತುಂಡುಗಳು ನೀರು ನಿಲ್ಲುವ ಜಾಗಕ್ಕೆ ಬೀಳುತ್ತಿದ್ದವು. ಸಾಧಾರಣ ಒಳಾಂಗಣ ಪ್ಲೈ ಇರಲಿ, ಐಎಸ್ 710ರ ಮರೀನ್ ಪ್ಲೈ ಇರಲಿ, ಮುಖಕ್ಕೆ ಮಾತ್ರ ಮೈಕಾ ಅಂಟಿಸಿ ನೆಲಕ್ಕೆ ತಾಗುವ ಅಂಚನ್ನು ಬೆತ್ತಲೆ ಬಿಡುತ್ತಿದ್ದರು. ನೀರು ಒಳಹೋಗುತ್ತಿದ್ದುದು ಅಲ್ಲಿಂದಲೇ. ಒಂದೆರಡು ಮಳೆಗಾಲ ಕಳೆಯುವಷ್ಟರಲ್ಲಿ ಅಗ್ಗದ ಪ್ಲೈನ ಪದರ ಉಬ್ಬಿ, ಮೈಕಾ ತುಟಿ ಬಿಚ್ಚಿ, ಸಂದಿನಲ್ಲಿ ಕಪ್ಪು ಗೆರೆ ಕಾಣುತ್ತಿತ್ತು. ಬೈಗುಳ ಬರುತ್ತಿದ್ದುದು ನಮ್ಮ ಅಂಗಡಿಗೆ.

ಆದರೂ ಆ ಕಾಲದ ಆಚಾರ್ರ ಒಂದು ಕೈಚಳಕವನ್ನು ಮೆಚ್ಚಲೇಬೇಕು. ನಮ್ಮ ಅಡುಗೆಮನೆಯ ನೆಲ ಎಂದೂ ಮಟ್ಟವಿರುವುದಿಲ್ಲ, ನೀರು ಹೋಗಲೆಂದು ಮೋರಿಯ ಕಡೆಗೆ ಇಳಿಜಾರು ಕೊಟ್ಟಿರುತ್ತಾರೆ. ಅವರು ಪಟ್ಟಿಯನ್ನು ನೆಲದ ಮೇಲೆ ನಿಲ್ಲಿಸಿ, ಚಿಕ್ಕದೊಂದು ಪ್ಲೈ ತುಂಡಿನ ಮೇಲೆ ಪೆನ್ಸಿಲ್ ಮಲಗಿಸಿ, ಎರಡನ್ನೂ ನೆಲದುದ್ದಕ್ಕೂ ಜಾರಿಸಿಕೊಂಡು ಹೋಗುತ್ತಿದ್ದರು. ನೆಲದ ಏರಿಳಿತವೆಲ್ಲ ಪಟ್ಟಿಯ ಮೇಲೆ ಗೆರೆಯಾಗಿ ಮೂಡುತ್ತಿತ್ತು. ಗೆರೆಯವರೆಗೆ ಕೀಸುಳಿಯಲ್ಲಿ ಕೀಸಿ ಕೂರಿಸಿದರೆ ಸಂದಿಯೊಳಗೆ ಪೋಸ್ಟ್‌ಕಾರ್ಡೂ ತೂರುತ್ತಿರಲಿಲ್ಲ.

ಮಾಡ್ಯುಲರ್ ಕಿಚನ್ ಬಂದದ್ದೇ ಕೀಸುಳಿಗೆ ಕೆಲಸ ಇಲ್ಲವಾಯಿತು. ಪೆಟ್ಟಿಗೆಗಳು ತಿರುಗಿಸಿ ಎತ್ತರ ಹೊಂದಿಸುವ ಪ್ಲಾಸ್ಟಿಕ್ ಕಾಲುಗಳ ಮೇಲೆ ನಿಂತವು. ಮುಂದೆ ಕ್ಲಿಪ್ಪಿಗೆ ಸಿಕ್ಕಿಸುವ ಪಿವಿಸಿ ಸ್ಕರ್ಟಿಂಗ್, ನೂರು ಅಥವಾ ನೂರೈವತ್ತು ಮಿಲಿಮೀಟರ್ ಎತ್ತರದ್ದು, ಕೆಳಗೆ ತೆಳು ರಬ್ಬರ್ ಅಂಚು. ಸಣ್ಣ ಏರಿಳಿತವನ್ನು ರಬ್ಬರು ಮುಚ್ಚುತ್ತದೆ, ದೊಡ್ಡದನ್ನು ಮುಚ್ಚುವುದಿಲ್ಲ. ಪಟ್ಟಿ ಶಟರಿಗಿಂತ ಒಳಸರಿದು ಕೂತಿದ್ದರಿಂದ ಕಟ್ಟೆಗೆ ಒತ್ತಿ ನಿಲ್ಲುವವರ ಕಾಲ್ಬೆರಳಿಗೂ ಜಾಗ ಸಿಕ್ಕಿತು. ದೊಡ್ಡ ಲಾಭವೆಂದರೆ ಬೇಕೆಂದಾಗ ಎಳೆದು ತೆಗೆಯಬಹುದು. ಹಾಗೆ ತೆಗೆದ ಮನೆಗಳಲ್ಲಿ ಸಿಕ್ಕ ತೊಗರಿಬೇಳೆ, ಚಮಚ, ಜಿರಳೆ ಸಂಸಾರ, ಅದರ ವರ್ಣನೆ ಬೇಡ.

ಈಗ ಗಿರಾಕಿಗಳೇ ಮೊಬೈಲಿನಲ್ಲಿ ಚಿತ್ರ ಹಿಡಿದು ಬರುತ್ತಾರೆ. ಶಟರಿನ ಬಣ್ಣವೋ, ನೆಲದ ಬಣ್ಣವೋ ಎಂದು ಗಂಡಹೆಂಡಿರ ನಡುವೆ ಅಲ್ಲೇ ಚರ್ಚೆ. ಬಿಳಿ ಶಟರಿಗೆ ಬಿಳಿ ಪಟ್ಟಿ ಕೇಳಿದವರಿಗೆ, ‘ಅಮ್ಮಾ, ನೆಲ ಒರೆಸೋ ಬಟ್ಟೆಯ ಕಲೆ ದಿನಾ ಕಾಣುತ್ತೆ, ನೆಲದ ಬಣ್ಣಕ್ಕಿಂತ ಒಂದು ಪಟ್ಟು ಗಾಢವಾದ್ದು ತಗೊಳ್ಳಿ’ ಎನ್ನುತ್ತೇನೆ. ಕೇಳುವವರು ಕಡಿಮೆ.

ಪ್ಲೈ ಪಟ್ಟಿ ಬದಲಿಸಿ ಬೇಸತ್ತವರು ಕಟ್ಟೆಯಲ್ಲಿ ಉಳಿದ ಗ್ರಾನೈಟನ್ನೇ ನಾಲ್ಕಿಂಚು ಕೊಯ್ಸಿ ಸಿಲಿಕೋನಿನಲ್ಲಿ ಅಂಟಿಸಿಕೊಳ್ಳುವುದೂ ಉಂಟು. ನೀರಿಗೆ ಅದನ್ನು ಮೀರಿಸಿದ್ದಿಲ್ಲ. ಸಿಂಕಿನ ಕೆಳಗಿನ ತುಂಡನ್ನಾದರೂ ತೆಗೆಯುವ ಹಾಗೆ ಬಿಡಿ ಎನ್ನುತ್ತೇನೆ. ಅಲ್ಲೊಂದು ಜೋಡಣೆ ಕಂಡರೆ ಅಂದ ಕೆಡುತ್ತದೆಂದು ಗ್ರಾನೈಟಿನವನು ಒಪ್ಪುವುದಿಲ್ಲ; ಪ್ಲಂಬರ್ ಒಪ್ಪುತ್ತಾನೆ.