ಮುಳ್ಳು ನೆಟ್ಟಗಿದ್ರೆ ಸಾಕು

ಭಾನುವಾರ ಬೆಳಿಗ್ಗೆ ಜೀವನ್ ಬಿಮಾ ನಗರದ ಕಡೆ ಓಡಾಡಿದವರು ಒಂದು ಹಸಿರು ಜೀಪ್ ಪಿಕಪ್ ನೋಡಿರ್ತೀರಿ. ನೋಡಿಲ್ಲ ಅಂದ್ರೆ ಅದರ ಸದ್ದಾದ್ರೂ ಕೇಳಿರ್ತೀರಿ. 1972ರ ಮಹೀಂದ್ರ, ಪೆಟ್ರೋಲ್ ಎಂಜಿನ್, ಹಿಂದುಗಡೆ ಕಬ್ಬಿಣದ ತೊಟ್ಟಿ. ನಂಬರ್ ಪ್ಲೇಟ್ ಇವತ್ತಿಗೂ ಎಂ.ವೈ. ಅಂತಲೇ ಶುರುವಾಗುತ್ತೆ. ಈ ಗಾಡಿ ರಿಜಿಸ್ಟರ್ ಆದಾಗ ನಮ್ಮ ರಾಜ್ಯದ ಹೆಸರು ಮೈಸೂರು. ಕರ್ನಾಟಕ ಆಗಿದ್ದು 1973ರ ನವೆಂಬರ್ 1ಕ್ಕೆ.

ಗಾಡಿ ನಮ್ಮ ಮೂವರಲ್ಲಿ ಒಬ್ಬನ ದೊಡ್ಡಪ್ಪನದು. ಒಂದೂವರೆ ವರ್ಷದಿಂದ ಅವರ ಮನೆಯಲ್ಲಿ ಉಪ್ಪಿಟ್ಟು ತಿಂದೂ ತಿಂದೂ ಈಗ ಅವರು ಮೂವರಿಗೂ ದೊಡ್ಡಪ್ಪನೇ. ಎಚ್‌ಎಎಲ್‌ನಲ್ಲಿ ವಿಮಾನದ ಮೀಟರ್‌ಗಳನ್ನ ಬಿಚ್ಚಿ ಸರಿಮಾಡೋ ಕೆಲಸದಲ್ಲಿದ್ದು ರಿಟೈರ್ ಆದವರು. ಮಾಲೂರಿನ ಹತ್ತಿರ ಒಂದು ಸಣ್ಣ ತೋಟ ಇದೆ. ವಾರಕ್ಕೊಮ್ಮೆ ಅಲ್ಲಿಗೆ ಹೋಗಿ ತೆಂಗಿನಕಾಯಿ, ತರಕಾರಿ ತರೋದು ಈ ಗಾಡಿಯಲ್ಲೇ.

ಹೋದ ವರ್ಷ ಅವರಿಗೆ ಎರಡೂ ಕಣ್ಣಿಗೆ ಪೊರೆ ಆಪರೇಷನ್ ಆಯ್ತು. ಆಮೇಲೆ ದೂರದ್ದು ಚೆನ್ನಾಗಿ ಕಾಣುತ್ತೆ, ಡಾಕ್ಟ್ರು ಗಾಡಿ ಓಡಿಸಬಹುದು ಅಂದಿದ್ದಾರೆ. ಹತ್ತಿರದ್ದಕ್ಕೆ ಮಾತ್ರ ಚಾಳೀಸು ಬೇಕು. ಕಷ್ಟ ಶುರುವಾಗಿದ್ದೇ ಅಲ್ಲಿ. ಚಾಳೀಸು ಹಾಕಿದ್ರೆ ರಸ್ತೆ ಮಸುಕು, ತೆಗೆದ್ರೆ ಮೀಟರ್ ಮಸುಕು. ಜೀಪಿನ ಮೀಟರ್‌ಗಳು ಅಂದ್ರೆ ನಡುವೆ ಒಂದು ಸ್ಪೀಡೋಮೀಟರ್, ಸುತ್ತ ನಾಲ್ಕು ಪುಟ್ಟ ವೃತ್ತಗಳು: ಟೆಂಪರೇಚರ್, ಆಯಿಲ್ ಪ್ರೆಷರ್, ಆಂಪಿಯರ್, ಪೆಟ್ರೋಲ್. ಅಂಕಿಗಳು ಅಕ್ಕಿಕಾಳಿನಷ್ಟು.

"ಎಂಜಿನ್ ಬಿಸಿ ಎಷ್ಟಿದೆ ಅಂತ ಗೊತ್ತಿಲ್ದೆ ನಾನು ಗಾಡಿ ಎತ್ತಲ್ಲ" ಅಂದುಬಿಟ್ರು. ಅವರು ಹೇಳೋದು ಸರಿ. ಸುರಂಜನ್ ದಾಸ್ ರಸ್ತೆಯ ಟ್ರಾಫಿಕ್‌ನಲ್ಲಿ ಇಪ್ಪತ್ತು ನಿಮಿಷ ನಿಂತರೆ ಹೊಸ ಕಾರುಗಳ ಫ್ಯಾನೇ ಕಿರುಚುತ್ತೆ. ಐವತ್ತು ವರ್ಷದ ರೇಡಿಯೇಟರ್ ಕುದಿಯೋಕೆ ಶುರುವಾದ್ರೆ ಹೆಡ್ ಗ್ಯಾಸ್ಕೆಟ್ ಹೋಗುತ್ತೆ. (ದಿನಾ ಅದೇ ರಸ್ತೆಯಲ್ಲಿ ಕಾಲೇಜಿಗೆ ಬರೋ ನಮಗೂ ಸುರಂಜನ್ ದಾಸ್ ಯಾರು ಅಂತ ದೊಡ್ಡಪ್ಪ ಹೇಳಿದ ಮೇಲೇ ಗೊತ್ತಾಗಿದ್ದು. ಎಚ್‌ಎಎಲ್‌ನ ಟೆಸ್ಟ್ ಪೈಲಟ್. 1961ರಲ್ಲಿ ಮಾರುತ್ ಯುದ್ಧವಿಮಾನವನ್ನ ಮೊದಲ ಸಲ ಹಾರಿಸಿದವರು, 1970ರ ಜನವರಿಯಲ್ಲಿ ಮಾರುತ್ ಪರೀಕ್ಷೆಯಲ್ಲೇ ತೀರಿಕೊಂಡವರು.)

ಮನೆಯವರಿಗೆ ಇಷ್ಟು ಸಾಕಾಯ್ತು. "ಮಾರಿಬಿಡಿ" ಅಂತ ಫಾರಿನ್‌ನಲ್ಲಿರೋ ಮಗ ವಿಡಿಯೋ ಕಾಲ್‌ನಲ್ಲಿ ದಿನಾ ಹೇಳೋಕೆ ಶುರು ಮಾಡಿದ. ಇಂದಿರಾನಗರದ ಒಬ್ಬರು ಒಳ್ಳೆ ರೇಟೂ ಹೇಳಿದ್ರು. ಅವರಿಗೆ ಬೇಕಾಗಿದ್ದು ಓಡಿಸೋಕಲ್ಲ, ಎಂಜಿನ್ ತೆಗೆದು ಕೆಫೆಯೊಳಗೆ ನಿಲ್ಲಿಸಿ ತೊಟ್ಟಿಯಲ್ಲಿ ಟೇಬಲ್ ಹಾಕೋಕೆ. ದೊಡ್ಡಪ್ಪ ಏನೂ ಮಾತಾಡಲಿಲ್ಲ. ನಮಗೆ ಮಾತ್ರ ಹೊಟ್ಟೆ ಉರೀತು. ಆಯುಧಪೂಜೆವರೆಗೆ ಟೈಮ್ ಕೊಡಿ, ಡ್ಯಾಶ್‌ಬೋರ್ಡ್ ನಾವು ಸರಿಮಾಡ್ತೀವಿ ಅಂತ ದೊಡ್ಡಮ್ಮನ ಹತ್ತಿರ ಕೇಳ್ಕೊಂಡ್ವಿ.

ಎಂಜಿನಿಯರಿಂಗ್ ಹುಡುಗರಿಗೆ ಮೊದಲು ಏನು ಹೊಳೆಯುತ್ತೆ? ಸ್ಕ್ರೀನ್. ಏಳು ಇಂಚಿನ ಡಿಸ್‌ಪ್ಲೇ, ಹಿಂದೆ ಒಂದು ಇಎಸ್‌ಪಿ32, ಸೆನ್ಸರ್‌ಗಳು, ದಪ್ಪ ಅಂಕಿಗಳು. ಕಾಗದದ ಮೇಲೆ ಬರೆದು ತೋರಿಸಿದ್ವಿ. ದೊಡ್ಡಪ್ಪ ನಿಧಾನವಾಗಿ ನೋಡಿ ಒಂದೇ ಪ್ರಶ್ನೆ ಕೇಳಿದ್ರು: "ಏನ್ರೋ, 83 ಅಂತ ತೋರಿಸುತ್ತೆ. ಸರಿ. ಅದು ಒಳ್ಳೇದೋ ಕೆಟ್ಟದ್ದೋ? ಏರ್ತಾ ಇದೆಯೋ ಇಳೀತಾ ಇದೆಯೋ?"

ಆಮೇಲೆ ವಿಮಾನದ ವಿಷಯ ಹೇಳಿದ್ರು. ಒಂದು ಸಾಲು ಮೀಟರ್ ಇದ್ದಾಗ ಪೈಲಟ್ ಒಂದೊಂದರ ಅಂಕಿ ಓದ್ತಾ ಕೂರೋಕೆ ಆಗಲ್ಲ. ಅದಕ್ಕೆ ಮೀಟರನ್ನೇ ಅದರ ತೂತಿನಲ್ಲಿ ತಿರುಗಿಸಿ ಕೂರಿಸೋ ಒಂದು ಪದ್ಧತಿ ಇದೆ. ಎಲ್ಲ ಸರಿಯಾಗಿದ್ದಾಗ ಎಲ್ಲ ಮುಳ್ಳೂ ಒಂದೇ ದಿಕ್ಕಿಗೆ, ನೆಟ್ಟಗೆ ನಿಂತಿರ್ತವೆ. ಅಂಕಿ ಓರೆಯಾದ್ರೆ ಆಗಲಿ. ಒಂದು ಮುಳ್ಳು ವಾಲಿದ್ರೂ ಕಣ್ಣಿಗೆ ಹೊಡೆಯುತ್ತೆ. ಹಳೇ ರೇಸ್ ಕಾರುಗಳಲ್ಲೂ ಹೀಗೇ ಮಾಡ್ತಿದ್ರಂತೆ.

ಮಸುಕಾದ ಅಂಕಿ ಓದೋಕಾಗಲ್ಲ. ಮಸುಕಾದ ಮುಳ್ಳಿಗೂ ಒಂದು ಕೋನ ಇರುತ್ತೆ, ಕೋನ ನೋಡೋಕೆ ಚಾಳೀಸು ಬೇಡ. ಮೂರು ಸೆಮಿಸ್ಟರ್ ಮುಗಿಸಿದ ನಮಗೆ ಇದನ್ನ ಯಾವ ಪಾಠದಲ್ಲೂ ಯಾರೂ ಹೇಳಿರಲಿಲ್ಲ. ಸ್ಕ್ರೀನಿನ ಕಾಗದ ಮಡಚಿ ಇಟ್ವಿ.

ಮೀಟರ್ ಬೋರ್ಡ್ ಬಿಚ್ಚಿದಾಗ ನಿಜವಾಗಲೂ ಮಜಾ ಬಂತು. ಟೆಂಪರೇಚರ್ ಮೀಟರ್‌ಗೆ ಕರೆಂಟೇ ಇಲ್ಲ! ಎಂಜಿನ್ ಹೆಡ್‌ನಲ್ಲಿ ಒಂದು ಪುಟ್ಟ ಬಲ್ಬ್, ಅಲ್ಲಿಂದ ಕೂದಲಿನಷ್ಟು ಸಣ್ಣ ರಂಧ್ರದ ತಾಮ್ರದ ಕೊಳವೆ. ಬಿಸಿಯಾದಾಗ ಒಳಗಿನ ಒತ್ತಡ ಏರಿ ಮೀಟರಿನಲ್ಲಿರೋ ಸುರುಳಿ ಕೊಳವೆ ಸ್ವಲ್ಪ ಬಿಚ್ಚಿಕೊಳ್ಳುತ್ತೆ, ಮುಳ್ಳು ತಿರುಗುತ್ತೆ. ಜಾತ್ರೆಯಲ್ಲಿ ಸಿಗೋ, ಊದಿದ್ರೆ ಉದ್ದ ಆಗೋ ಪೀಪಿ ನೆನಪಿಸಿಕೊಳ್ಳಿ, ಅದೇ ತತ್ವ. ಫ್ರಾನ್ಸಿನ ಬೂರ್ದೋಂ ಅನ್ನೋವರು 1849ರಲ್ಲಿ ಪೇಟೆಂಟ್ ಮಾಡಿಸಿದ್ದು. ಆ ಕೊಳವೆ ಎಲ್ಲಾದ್ರೂ ಮುರಿದ್ರೆ ಮೀಟರ್ ಕಥೆ ಮುಗೀತು, ಅದಕ್ಕೆ ಮಗುವಿನ ಥರ ಹಿಡಿದುಕೊಂಡು ಕೆಲಸ ಮಾಡಿದ್ವಿ. ಆಯಿಲ್ ಮೀಟರ್‌ದೂ ಇದೇ ಜಾತಿ.

ಎರಡನ್ನೂ ತಿರುಗಿಸಿದ್ವಿ. ಎಂಜಿನ್ ಬಿಸಿಯಾಗಿ ಒಂದು ಹದಕ್ಕೆ ಬಂದ ಮೇಲೆ ಮುಳ್ಳು ಎಲ್ಲಿ ನಿಲ್ಲುತ್ತೋ ಅದನ್ನ 12 ಗಂಟೆ ಅಂತ ಇಟ್ಟುಕೊಂಡು, ಹಿಂದಿನಿಂದ ಯು ಆಕಾರದ ಕ್ಲಾಂಪ್ ಬಿಗಿ ಮಾಡಿದ್ವಿ. ಆಂಪಿಯರ್ ಮೀಟರಿಗೆ ಸೊನ್ನೆ ನಡುವೆಯೇ ಇರೋದ್ರಿಂದ ಅದು ಮೊದಲೇ ನೆಟ್ಟಗಿತ್ತು. ಮುಳ್ಳಿಗೆ ಹಳದಿ ಬಣ್ಣ ಬಳಿಯೋ ಕೆಲಸ ದೊಡ್ಡಪ್ಪ ಯಾರಿಗೂ ಕೊಡಲಿಲ್ಲ. ಚಾಳೀಸು ಹಾಕಿ, ಉಸಿರು ಹಿಡಿದು, ನಾಲ್ಕು ಕೂದಲಿನ ಬ್ರಷ್‌ನಲ್ಲಿ ಬಳಿದ್ರು. ಬಣ್ಣ ದಪ್ಪ ಆದ್ರೆ ಮುಳ್ಳಿನ ಭಾರ ಹೆಚ್ಚಾಗಿ ಬ್ಯಾಲೆನ್ಸ್ ತಪ್ಪುತ್ತಂತೆ. ಅವರ ಕೈ ಒಂದಿಷ್ಟೂ ನಡುಗಲಿಲ್ಲ.

ನಮ್ಮ ಪಾಲಿಗೆ ಬಂದಿದ್ದು ವೈರಿಂಗ್. ಹಳೇ ವೈರುಗಳ ಮೇಲಿನ ಬಟ್ಟೆ ಮುಟ್ಟಿದ್ರೆ ಪುಡಿ, ಒಂದು ಫ್ಯೂಸ್ ಕೂಡ ಇರಲಿಲ್ಲ. ಹೊಸ ಸಾಮಾನು ಬೇಕಂದ್ರೆ ಜೆ.ಸಿ. ರೋಡ್, ಹಳೇದು ಬೇಕಂದ್ರೆ ಶಿವಾಜಿನಗರದ ಗುಜರಿ. ವೈರು, ಫ್ಯೂಸ್ ಬಾಕ್ಸ್, ಹೆಡ್‌ಲೈಟಿಗೆ ರಿಲೇ ಅಲ್ಲಿ ಸಿಕ್ತು. ಮೀಟರಿನ ಗಾಜು, ಸ್ಟೀಲ್ ರಿಂಗು ಇಲ್ಲಿ. ಗುಜರಿ ಅಂಗಡಿಯವರು ಕನ್ನಡ, ಉರ್ದು, ತಮಿಳು ಮೂರನ್ನೂ ಒಂದೇ ವಾಕ್ಯದಲ್ಲಿ ಮಾತಾಡ್ತಾರೆ, ರೇಟ್ ಇಳಿಸೋದು ಮಾತ್ರ ಯಾವ ಭಾಷೆಯಲ್ಲೂ ಇಲ್ಲ. ಆಂಪಿಯರ್ ಮೀಟರ್ ತೆಗೆದು ವೋಲ್ಟ್‌ಮೀಟರ್ ಹಾಕೋಣ ಅಂತ ನಾವು ಜಗಳವೇ ಆಡಿದ್ವಿ. ಗಾಡಿಯ ಹೆಚ್ಚುಕಡಿಮೆ ಪೂರ್ತಿ ಕರೆಂಟ್ ಆ ಮೀಟರಿನ ಮೂಲಕ ಹರಿಯುತ್ತೆ, ಒಂದು ನಟ್ ಸಡಿಲ ಆದ್ರೂ ಬೆಂಕಿ. ದೊಡ್ಡಪ್ಪ ಒಪ್ಪಲಿಲ್ಲ. ದಪ್ಪ ವೈರ್, ರಬ್ಬರ್ ಟೋಪಿ ಹಾಕಿ ರಾಜಿ ಆಯ್ತು. ವೋಲ್ಟ್‌ಮೀಟರೇ ಸರಿ ಅನ್ನೋದು ನಮ್ಮ ಅಭಿಪ್ರಾಯ, ಈಗಲೂ.

ಇದೆಲ್ಲ ಮಾಡೋಕೆ ಕಾನೂನು ಬಿಡುತ್ತಾ ಅಂತ ಕ್ಲಾಸ್‌ಮೇಟ್ಸ್ ಕೇಳ್ತಾರೆ. 2021ರ ನಿಯಮದ ಪ್ರಕಾರ 50 ವರ್ಷ ದಾಟಿದ, ಚಾಸಿ, ಬಾಡಿ, ಎಂಜಿನ್ ದೊಡ್ಡದಾಗಿ ಬದಲಾಗದ ಗಾಡಿಯನ್ನ ವಿಂಟೇಜ್ ಅಂತ ಮಾಡಿಸಬಹುದು, ಹಳೇ ನಂಬರೂ ಉಳಿಯುತ್ತೆ. ನಾವು ಇವು ಮೂರನ್ನೂ ಮುಟ್ಟಿಲ್ಲ. ಆದ್ರೆ ವಿಂಟೇಜ್ ಅಂತ ಆದ ಮೇಲೆ ರ‍್ಯಾಲಿ, ಪ್ರದರ್ಶನ, ರಿಪೇರಿ, ಪೆಟ್ರೋಲ್ ಬಂಕ್ ಅಂತಷ್ಟೇ ರಸ್ತೆಗೆ ಇಳಿಸಬಹುದು. "ತೆಂಗಿನಕಾಯಿ ಯಾರು ತರ್ತಾರೆ?" ಅಂತ ದೊಡ್ಡಪ್ಪ ಮಾಮೂಲಿ ಎಫ್‌ಸಿಯಲ್ಲೇ ಇದ್ದಾರೆ.

ಆಯುಧಪೂಜೆ ದಿನ ಕುಂಬಳಕಾಯಿ ಒಡೆದು, ಮುಂದಿನ ಭಾನುವಾರ ಮಾಲೂರಿಗೆ ಹೊರಟ್ವಿ. ಮುಂದೆ ದೊಡ್ಡಪ್ಪ, ದೊಡ್ಡಮ್ಮ, ನಾವು ಮೂವರೂ ತೊಟ್ಟಿಯಲ್ಲಿ. ಕೆ.ಆರ್. ಪುರಂ ತೂಗುಸೇತುವೆ ಹತ್ತಿರ ಎಂದಿನಂತೆ ಎಲ್ಲ ನಿಂತಿತ್ತು. ಹಿಂದಿನ ಕಿಟಕಿಯಿಂದ ನಾವು ಮೀಟರ್ ನೋಡೋ ಮೊದಲೇ ದೊಡ್ಡಪ್ಪ ಇಂಡಿಕೇಟರ್ ಹಾಕಿ ಗಾಡಿ ಪಕ್ಕಕ್ಕೆ ತಗೊಂಡ್ರು. ಟೆಂಪರೇಚರ್ ಮುಳ್ಳು ಒಂದು ಗಂಟೆ ಕಡೆ ವಾಲಿತ್ತು, ಅಷ್ಟೇ. ಬಾನೆಟ್ ಎತ್ತಿ ನೋಡಿದ್ರೆ ಫ್ಯಾನ್ ಬೆಲ್ಟ್ ಸಡಿಲ. ಹತ್ತು ನಿಮಿಷ ತಣಿಯೋಕೆ ಬಿಟ್ಟು, ಬಿಗಿಮಾಡಿ ಹೊರಟ್ವಿ.

ಕೆಫೆಯವರು ಆಮೇಲೆ ಒಮ್ಮೆ ಮನೆಗೇ ಬಂದಿದ್ರು. ದೊಡ್ಡಪ್ಪ ಅವರನ್ನ ಗಾಡಿಯಲ್ಲಿ ಕೂರಿಸಿ ಅರ್ಧ ಗಂಟೆ ಮೀಟರ್ ತೋರಿಸಿ, ಕಾಫಿ ಕುಡಿಸಿ ಕಳಿಸಿದ್ರು. ಮುಂದಿನ ಎಫ್‌ಸಿವರೆಗೂ ಮಾರೋ ಮಾತು ಬೇಡ ಅಂತ ದೊಡ್ಡಮ್ಮ ಮಗನಿಗೆ ಹೇಳಿದ್ದಾರೆ. ಪೆಟ್ರೋಲ್ ಮೀಟರ್ ಮಾತ್ರ ಇನ್ನೂ ಸುಳ್ಳೇ ಹೇಳ್ತಿದೆ, ಟ್ಯಾಂಕಿನೊಳಗಿನ ಫ್ಲೋಟ್ ಹೋಗಿದೆ. ಅಲ್ಲಿವರೆಗೂ ಟ್ಯಾಂಕಿಗೆ ಕಡ್ಡಿ ಇಳಿಸಿ ನೋಡೋ ಡ್ಯೂಟಿ ನಮ್ಮದು.