ಎರಡು ಪುಟದಲ್ಲಿ ಬೆಳಗೊಳ

ಶ್ರವಣಬೆಳಗೊಳಕ್ಕೆ ಹೋಗಿಬಂದವರ ಮನೆಯಲ್ಲಿ ಬಾಹುಬಲಿ ಸ್ವಾಮಿಯ ಫೋಟೋ ಇದ್ದೇ ಇರುತ್ತದೆ. ಅದಕ್ಕೆ ಕ್ಯಾಮೆರಾ ಉದ್ದಕ್ಕೆ ಹಿಡಿದರೆ ಸಾಕು. ಆದರೆ ದರ್ಶನ ಮುಗಿಸಿ, ದೊಡ್ಡಬೆಟ್ಟದ ಮೆಟ್ಟಿಲ ಮೇಲೆ ನಿಂತು ಉತ್ತರಕ್ಕೆ ನೋಡಿರಿ. ಕೆಳಗೆ ಊರು, ಕಲ್ಯಾಣಿ, ಅದರಾಚೆ ಚಿಕ್ಕಬೆಟ್ಟದ ಬಸದಿಗಳು, ಸುತ್ತಲೂ ತೆಂಗಿನ ತೋಟ. ಹೆಸರಿಗೆ ಚಿಕ್ಕದಾದರೂ ಹಿರಿತನ ಆ ಬೆಟ್ಟದ್ದೇ, ಅಲ್ಲಿ ಕ್ರಿ.ಶ. 600ರ ಸುಮಾರಿನ ಶಾಸನವಿದೆ. ಇಷ್ಟೆಲ್ಲ ಒಂದು ಸಾದಾ ಫೋಟೋದಲ್ಲಿ ಹಿಡಿಸುವುದಿಲ್ಲ.

ನಮ್ಮ ಅಕ್ಕನವರು 1967ರ ಮಹಾಮಸ್ತಕಾಭಿಷೇಕ ಕಂಡವರು. ಈಗ ಆರುನೂರಕ್ಕೂ ಮಿಕ್ಕಿದ ಮೆಟ್ಟಿಲು ಅವರಿಂದಾಗದು. ಡೋಲಿ ಹತ್ತಲು ಒಲ್ಲೆ ಎನ್ನುತ್ತಾರೆ. ಮೊಬೈಲಿನಲ್ಲಿ ತೋರಿಸಿದರೆ ಈ ನೋಟ ಬೆರಳಗಲದ ಪಟ್ಟಿ. ಅವರಿಗಾಗಿಯೇ ಫೋಟೋ ಪುಸ್ತಕ ಮಾಡಿಸಿದೆವು.

ಮದುವೆ ಆಲ್ಬಂನ ಅಳತೆ ತಮಗೆಲ್ಲ ಗೊತ್ತು. ಎರಡು ಪುಟ ಬಿಚ್ಚಿದರೆ ಅಗಲ 36 ಇಂಚು, ಎತ್ತರ 12. ಅಂದರೆ ಎತ್ತರದ ಮೂರು ಪಟ್ಟು ಅಗಲ. ಮೊಬೈಲನ್ನು ಪೂರ್ತಿ ತಿರುಗಿಸಿದರೆ ಚಿತ್ರ ಹಗ್ಗದಂತೆ ಉದ್ದವಾಗಿ, ಪುಟದ ಮೇಲೆ ಕೆಳಗೆ ಬಿಳಿ ಉಳಿಯುತ್ತದೆ. ಬೇಕಾದಷ್ಟಕ್ಕೇ ನಿಲ್ಲಿಸಬೇಕು. ಇಂಚಿಗೆ 300 ಚುಕ್ಕೆಯ ಲೆಕ್ಕದಲ್ಲಿ ಅಗಲಕ್ಕೆ 10,800 ಚುಕ್ಕೆ ಇದ್ದರೆ ಅಚ್ಚು ಚೊಕ್ಕಟ.

ಮೊಮ್ಮಗ ಮೊಬೈಲನ್ನು ನಿಲುವಾಗಿ ಹಿಡಿದು, ಮೊಣಕೈ ಪಕ್ಕೆಗೊತ್ತಿ, ಸಾವಕಾಶ ತಿರುಗಿದ. ಕ್ಯಾಮೆರಾದವರು ಬಿಡಿಬಿಡಿಯಾಗಿ ತೆಗೆಯುವಾಗ ಹಿಂದಿನ ಫೋಟೋದ ಮೂರನೇ ಒಂದು ಭಾಗ ಮುಂದಿನದರಲ್ಲೂ ಬರಬೇಕು. ಸೀರೆಗೆ ಸೆರಗು ಕೂಡಿಸುವಾಗ ಹೂವಿಗೆ ಹೂವು ಹೊಂದಿಸುತ್ತೇವಲ್ಲ, ಹಾಗೆ. ದೂರದ ಬೆಟ್ಟ ಚೆನ್ನಾಗಿ ಕೂಡುತ್ತದೆ. ಹತ್ತಿರದ ಗೋಡೆ ಬಾಗುತ್ತದೆ. ನಡೆಯುವ ಯಾತ್ರಿಕರು ಅರ್ಧರ್ಧ ಬರುತ್ತಾರೆ. ಬೆಳಿಗ್ಗೆ ಬೇಗ ಹತ್ತಿದರೆ ಜನವೂ ಕಡಿಮೆ, ಬರಿಗಾಲಿಗೆ ಬಂಡೆಯೂ ತಂಪು, ಬಿಸಿಲೂ ಬಲಗಡೆಯಿಂದ ಓರೆಯಾಗಿ ಬೀಳುತ್ತದೆ.

ಮುಖ್ಯ ಮಾತು ಪುಸ್ತಕದ ಮಡಿಕೆಯದು. ಒಂದು ಮದುವೆ ಆಲ್ಬಂನಲ್ಲಿ ಮದುಮಗಳ ಮೂಗೇ ಮಡಿಕೆಯಲ್ಲಿ ಸಿಕ್ಕಿತ್ತು! ಇಲ್ಲಿ ಕಲ್ಯಾಣಿಯನ್ನು ನಟ್ಟನಡುವೆ ಇಟ್ಟರೆ ಅದಕ್ಕೂ ಅದೇ ಗತಿ. ಕಲ್ಯಾಣಿ, ಚಿಕ್ಕಬೆಟ್ಟ ಎಡ ಪುಟಕ್ಕೆ, ಊರಿನ ಪೂರ್ವಭಾಗ ಮತ್ತು ತೋಟ ಬಲಕ್ಕೆ, ಮಡಿಕೆಗೆ ಮರಗಳು. ಹೀಗೆ ಸರಿಸಲು ಎರಡೂ ತುದಿಯಲ್ಲಿ ಹೆಚ್ಚಿಗೆ ತೆಗೆದಿರಬೇಕು. ಪೂರ್ತಿ ಚಪ್ಪಟೆಯಾಗಿ ಬಿಚ್ಚುವ ಪುಸ್ತಕವಾದರೆ ನಷ್ಟ ಕಡಿಮೆ, ಖರ್ಚು ಹೆಚ್ಚು.

ಅಕ್ಕನವರು ಕಲ್ಯಾಣಿಯ ಮೇಲೆ ಬೆರಳಿಟ್ಟು ಬಹಳ ಹೊತ್ತು ನೋಡಿದರು. ಆಮೇಲೆ, "ಚಿಕ್ಕಬೆಟ್ಟದಿಂದ ಸ್ವಾಮಿ ಕಾಣಿಸ್ತಾನಲ್ಲೋ ತಮ್ಮಾ, ಅದನ್ಯಾಕ ತೆಗೀಲಿಲ್ಲ?" ಎಂದರು. ಬರುವ ಮಾಘದಲ್ಲಿ ಮತ್ತೆ ಹೊರಟಿದ್ದೇವೆ.