ನಿಂಬೆ ರಸವೂ ನೀರೂ ಒಂದೇನಾ ಸಾರ್?

ತೀರ್ಥಹಳ್ಳಿ ಕಡೆಯ ಜುಲೈ ತಿಂಗಳು ಗೊತ್ತಲ್ಲ, ಹಂಚಿನ ಮೇಲೆ ಮಳೆ ಹೊಡೆಯುತ್ತಿದ್ದರೆ ಮೇಷ್ಟ್ರ ಮಾತು ಎರಡನೇ ಬೆಂಚು ದಾಟುವುದಿಲ್ಲ. ಅಂಥದ್ದೊಂದು ದಿನ ಏಳನೇ ತರಗತಿಗೆ ಆಮ್ಲ, ಪ್ರತ್ಯಾಮ್ಲದ ಪಾಠ ಶುರು ಮಾಡಬೇಕಿತ್ತು. ಬೀರು ತೆಗೆದರೆ ಲಿಟ್ಮಸ್ ಕಾಗದವೆಲ್ಲ ಥಂಡಿ ಹಿಡಿದು ಮುದ್ದೆಯಾಗಿದೆ. ಅದನ್ನು ಅಲ್ಲೇ ಬಿಟ್ಟು ಬಿಸಿಯೂಟದ ಅಡುಗೆಮನೆಗೆ ಹೋದೆ. ಅಡುಗೆಯಕ್ಕನ ಹತ್ತಿರ ಒಂದಿಷ್ಟು ಅರಿಶಿನ ಪುಡಿ, ನಿಂಬೆಹಣ್ಣು ಈಸಿಕೊಂಡೆ. ಅವರ ಎಲೆ-ಅಡಿಕೆ ಸಂಚಿಯಿಂದ ಚೂರು ಸುಣ್ಣವೂ ಸಿಕ್ಕಿತು.

ಗಾಜಿನ ಲೋಟದಲ್ಲಿ ಅರಿಶಿನ ಕದಡಿ, ಕಡ್ಡಿ ತುದಿಯಲ್ಲಿ ಸುಣ್ಣ ಅದ್ದಿದೆ. ಹಳದಿ ನೀರು ಕೆಂಪಗಾಯಿತು. ಮಕ್ಕಳು ಬೆರಗಾಗುತ್ತಾರೆ ಅಂದುಕೊಂಡರೆ ಕಿಟಕಿ ಪಕ್ಕದ ಹುಡುಗಿ, “ಇದು ಓಕುಳಿ ನೀರು ಸಾರ್, ನಮ್ಮಕ್ಕನ ಮದುವೇಲಿ ಇದನ್ನೇ ಆರತಿ ಎತ್ತಿದ್ದು” ಅಂದಳು. ಸರಿ, ಅದರ ಮೇಲೆ ನಿಂಬೆಹಣ್ಣು ಹಿಂಡಿದೆ. ಹನಿ ಬಿದ್ದ ಜಾಗದಲ್ಲಿ ಹಳದಿ ತೂತು ಬಿತ್ತು. ನೋಡುತ್ತಿದ್ದಂತೆ ಸುತ್ತಲಿನ ಕೆಂಪು ಅದನ್ನು ಮುಚ್ಚಿತು. ಮತ್ತೆ ಹಿಂಡಿದೆ. ಕೊನೆಗೆ ಲೋಟವೆಲ್ಲ ಹಳದಿ. ಓಕುಳಿ ಹಿಂದಕ್ಕೆ ಅರಿಶಿನವಾದದ್ದನ್ನು ಅವರ‍್ಯಾರೂ ನೋಡಿರಲಿಲ್ಲ. ಹಿಂದಿನ ಬೆಂಚು ಎದ್ದು ಮುಂದೆ ಬಂತು.

ಆಮೇಲೆ ಅರಿಶಿನ ಹಚ್ಚಿದ ಕಾಗದದ ಚೂರುಗಳನ್ನು ಒಲೆಯ ಹತ್ತಿರ ಒಣಗಿಸಿ ಹಂಚಿದೆ. ಸಿಕ್ಕಿದ್ದನ್ನೆಲ್ಲ ಪರೀಕ್ಷೆ ಮಾಡಿದರು. ಸುಣ್ಣದ ತಿಳಿ, ಸೋಪಿನ ನೀರು, ಒಲೆಯ ಬೂದಿ ಕಲಸಿ ಸೋಸಿದ ನೀರು – ಇವು ಕಾಗದವನ್ನು ಕೆಂಪು ಮಾಡಿದವು. ಅಂಗಿಯ ಮೇಲಿನ ಸಾರಿನ ಕಲೆ ಸೋಪು ತಾಗಿದಾಗ ಯಾಕೆ ಕೆಂಪಾಗುತ್ತದೆ ಅನ್ನುವುದೂ ಅಲ್ಲೇ ಬಗೆಹರಿಯಿತು. ನಿಂಬೆ, ಹುಣಸೆ, ಮಜ್ಜಿಗೆ, ಸಕ್ಕರೆ ನೀರು, ಬಾವಿ ನೀರು – ಇವುಗಳಲ್ಲಿ ಕಾಗದ ಹಳದಿಯಾಗಿಯೇ ಉಳಿಯಿತು. ಬೋರ್ಡಿನ ಮೇಲೆ ಎರಡು ಸಾಲಾಯಿತು.

ಆಗ ಒಬ್ಬ ಹುಡುಗ ಎದ್ದು ನಿಂತ. “ಹಾಗಾದ್ರೆ ನಿಂಬೆ ರಸವೂ ನೀರೂ ಒಂದೇನಾ ಸಾರ್?”

ತರಗತಿಗೆ ತರಗತಿಯೇ ನಕ್ಕಿತು. ನನಗೆ ಮಾತ್ರ ನಗು ಬರಲಿಲ್ಲ. ಬೋರ್ಡಿನ ಮೇಲಿದ್ದ ಸಾಕ್ಷಿ ನೋಡಿದರೆ ಅವನು ಹೇಳಿದ್ದೇ ಸರಿ. ನಕ್ಕವರಿಗೆ ಉತ್ತರ ಗೊತ್ತಿದ್ದದ್ದು ನಾಲಿಗೆಯಿಂದ, ಪರೀಕ್ಷೆಯಿಂದಲ್ಲ. “ನೆಕ್ಕಿ ನೋಡಿದ್ರೆ ಗೊತ್ತಾಗಲ್ವೇನೋ” ಅಂದ ಒಬ್ಬ. “ಸುಣ್ಣಾನೂ ನೆಕ್ಕಿ ನೋಡ್ತೀಯಾ?” ಅಂತ ಇನ್ನೊಬ್ಬಳು. ಪ್ರಯೋಗದಲ್ಲಿ ಏನನ್ನೂ ಬಾಯಿಗೆ ಹಾಕಬಾರದು ಅನ್ನುವ ನಿಯಮ ನಾನು ಹೇಳುವ ಮೊದಲೇ ಅವರೇ ಮಾಡಿಕೊಂಡರು. ನಾನು ಉತ್ತರ ಹೇಳಲಿಲ್ಲ. “ಅರಿಶಿನ ಇಷ್ಟೇ ಹೇಳೋದು. ಮುಂದೇನು ಮಾಡ್ತೀರಿ?” ಅಂದೆ. ಸ್ವಲ್ಪ ಹೊತ್ತು ಗುಸುಗುಸು. ಓಕುಳಿ ಅಂದಿದ್ದ ಹುಡುಗಿಯೇ ಕೇಳಿದಳು: “ಬೇರೆ ಬಣ್ಣದ್ದು ಹಾಕಿ ನೋಡಾಣ ಸಾರ್?”

ಬೇಲಿಯಲ್ಲಿ ಕೆಂಪು ದಾಸವಾಳವಿತ್ತು. ಎಸಳು ಬಿಡಿಸಿ ಕುದಿಸಿದರೆ ಮಂಕು ನೇರಳೆ ಬಣ್ಣದ ನೀರು ಬಂತು. ಅದಕ್ಕೆ ನಿಂಬೆ ರಸ ಬಿದ್ದದ್ದೇ ಕಡು ಗುಲಾಬಿ. ಸುಣ್ಣದ ತಿಳಿ ಹಾಕಿದರೆ ಹಸಿರು. ಬಾವಿ ನೀರಿಗೂ ಸಕ್ಕರೆ ನೀರಿಗೂ ಬಣ್ಣ ಬದಲಾಗಲೇ ಇಲ್ಲ. ನಿಂಬೆ ರಸವೂ ನೀರೂ ಬೇರೆ ಬೇರೆ ಅಂತ ಈಗ ಪರೀಕ್ಷೆಯೇ ಹೇಳಿತು. ಬೋರ್ಡಿಗೆ ಮೂರನೇ ಸಾಲು ಎಳೆದು, ಸಕ್ಕರೆ ನೀರನ್ನೂ ಬಾವಿ ನೀರನ್ನೂ ಅಲ್ಲಿ ಬರೆದವನು ಪ್ರಶ್ನೆ ಕೇಳಿದ ಹುಡುಗನೇ. ಆ ಸಾಲಿಗೆ ‘ತಟಸ್ಥ’ ಅಂತ ಹೆಸರು ಕೊಟ್ಟದ್ದಷ್ಟೇ ನನ್ನ ಕೆಲಸ.

ಇಂಗ್ಲೆಂಡಿನಲ್ಲಿ ರಾಬರ್ಟ್ ಬಾಯ್ಲ್ 1664ರಲ್ಲಿ ಬಣ್ಣಗಳ ಬಗ್ಗೆ ಬರೆದ ಪುಸ್ತಕದಲ್ಲಿ ವಯೊಲೆಟ್ ಹೂವಿನ ಪಾಕ ಹಿಡಿದು ಹೀಗೇ ನೋಡಿದ್ದ: ಆಮ್ಲಕ್ಕೆ ಕೆಂಪು, ಕ್ಷಾರಕ್ಕೆ ಹಸಿರು. ಅದನ್ನು ಹೇಳಿದಾಗ ಮಕ್ಕಳಿಗೆ ಅಂಥ ಅಚ್ಚರಿಯೇನೂ ಆಗಲಿಲ್ಲ. “ಅವರ ಬೇಲೀಲಿ ದಾಸವಾಳ ಇರ್ಲಿಲ್ವೇನೋ” ಅಂದರು. ಅರಿಶಿನದ ಕರ್ಕ್ಯುಮಿನ್ ಅಣು ಪ್ರತ್ಯಾಮ್ಲದಲ್ಲಿ ಹೈಡ್ರೋಜನ್ ಅಯಾನು ಬಿಟ್ಟುಕೊಟ್ಟು ಕೆಂಪಾಗುತ್ತದೆ, ಆಮ್ಲ ಬಂದರೆ ಮರಳಿ ಪಡೆದು ಹಳದಿಯಾಗುತ್ತದೆ. ಆ ಮಾತು ಹೈಸ್ಕೂಲಿಗೆ ಇರಲಿ ಅಂತ ಬಿಟ್ಟೆ.

ಮುಂದಿನ ವರ್ಷಗಳಲ್ಲಿ ಆ ಪಾಠ ಬಂದಾಗಲೆಲ್ಲ ದಾಸವಾಳದ ನೀರನ್ನು ಬೆಳಿಗ್ಗೆಯೇ ಕುದಿಸಿ ಬೀರುವಿನೊಳಗೆ ಇಡುತ್ತಿದ್ದೆ. ಯಾರಾದರೂ ಆ ಪ್ರಶ್ನೆ ಕೇಳುವವರೆಗೆ ಹೊರಗೆ ತೆಗೆಯುತ್ತಿರಲಿಲ್ಲ. ಕೆಲವು ಸಲ ಪ್ರಶ್ನೆ ಮಾರನೇ ದಿನ ಬರುತ್ತಿತ್ತು. ಆಗ ಹೊಸದಾಗಿ ಹೂ ಕೊಯ್ದು ಕುದಿಸುತ್ತಿದ್ದೆ.